ಸೀಸವಿಲ್ಲದ ಮದ್ದುಗುಂಡು: ಬೇಟೆಯ ದೇಶಗಳು ಕಲಿತದ್ದು, ನಮಗೂ ಸಲ್ಲುವುದು

ಬೇಟೆಯಾಡಿದ ಪ್ರಾಣಿಯನ್ನು ಗುಂಡು ಕೊಲ್ಲುತ್ತದೆ. ಅದೇ ಗುಂಡು ಸೀಸದ್ದಾಗಿದ್ದರೆ, ಬೇಟೆ ಮುಗಿದ ಮೇಲೂ ಕೊಲ್ಲುತ್ತಾ ಹೋಗುತ್ತದೆ. ಕೆರೆಯ ತಳದಲ್ಲಿ ಉಳಿದ ಚರೆ ಬಾತುಕೋಳಿಯನ್ನು, ಕಾಡಿನಲ್ಲಿ ಬಿಟ್ಟ ಕರುಳಿನ ರಾಶಿ ಹದ್ದನ್ನು, ಅಡುಗೆಮನೆ ಸೇರಿದ ಮಾಂಸ ಮನೆಯ ಮಗುವನ್ನು ವಿಷಕ್ಕೆ ಒಡ್ಡುತ್ತದೆ. ಈ ಕಾರಣದಿಂದ ಅಮೆರಿಕ, ಡೆನ್ಮಾರ್ಕ್, ಜಪಾನ್ ಮೊದಲಾದ ದೇಶಗಳು ಕಳೆದ ಕೆಲವು ದಶಕಗಳಲ್ಲಿ ಸೀಸದ ಮದ್ದುಗುಂಡಿಗೆ ಬೇರೆ ಬೇರೆ ಪ್ರಮಾಣದ ನಿರ್ಬಂಧಗಳನ್ನು ಹೇರಿವೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ವಯ ಬೇಟೆ ನಿಷಿದ್ಧ. ಹಾಗಿದ್ದೂ ಈ ವಿಷಯವನ್ನು ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳಿಗೂ ಪೋಷಕರಿಗೂ ವಿವರಿಸಲು ನಮಗೆ ಎರಡು ಕಾರಣಗಳಿವೆ. ನೀಲಗಿರಿ, ತಾಳವಾಡಿ, ವಯನಾಡುಗಳ ಕಾಡಂಚಿನಲ್ಲಿ ಉಳಿದಿರುವ ರಣಹದ್ದುಗಳ ಕಥೆ, ಅಮೆರಿಕದ ಕಾಂಡೋರ್ ಎಂಬ ರಣಹದ್ದಿನ ಕಥೆಗೆ ಬಹಳ ಹತ್ತಿರವಾದುದು. ಸೀಸವಂತೂ ಬೇಟೆಯ ಹೊರಗೂ ನಮ್ಮ ಮನೆಗಳ ಸುತ್ತ ಇದೆ.

ಸೀಸವೇ ಏಕೆ ಗುಂಡಾಯಿತು?

ಸೀಸದ ಪರಮಾಣು ಸಂಖ್ಯೆ 82. ಲ್ಯಾಟಿನ್ನಿನ ‘ಪ್ಲಂಬಂ’ ಎಂಬ ಹೆಸರಿನಿಂದ ಅದರ ರಾಸಾಯನಿಕ ಸಂಕೇತ ಬಂದಿದೆ. ಒಂದು ಘನ ಸೆಂಟಿಮೀಟರ್ ಸೀಸ ಸುಮಾರು 11.3 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಉಕ್ಕು ಸುಮಾರು 7.8 ಗ್ರಾಂ. ಭಾರವಾದ ಗುಂಡು ಗಾಳಿಯ ತಡೆಯನ್ನು ಮೀರಿ ದೂರದವರೆಗೂ ವೇಗ ಉಳಿಸಿಕೊಳ್ಳುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕರಗುವುದರಿಂದ ಮನೆಯ ಒಲೆಯ ಮೇಲೂ ಅದನ್ನು ಎರಕ ಹೊಯ್ಯಬಹುದು. ಅದು ಮೆದು, ಆದ್ದರಿಂದ ಕೋವಿಯ ನಳಿಗೆಯನ್ನು ಸವೆಸುವುದಿಲ್ಲ, ಪ್ರಾಣಿಯ ದೇಹಕ್ಕೆ ಬಡಿದೊಡನೆ ಅರಳಿ ದೊಡ್ಡ ಗಾಯ ಮಾಡುತ್ತದೆ. ಬೆಲೆಯೂ ಕಡಿಮೆ. 1782ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬಾತ ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿ ದುಂಡನೆಯ ಚರೆ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಆ ಬಳಿಕ ಚರೆ ಅಗ್ಗವಾಗಿ, ಅಪಾರವಾಗಿ ದೊರೆಯತೊಡಗಿತು.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಹಕ್ಕಿ, ಮೊಲಗಳಂಥ ಸಣ್ಣ ಬೇಟೆಗೆ ಒಂದು ತೋಟಾದಲ್ಲಿ ನೂರಾರು ಸಣ್ಣ ಕಾಳುಗಳನ್ನು ತುಂಬಿ ಹಾರಿಸುತ್ತಾರೆ; ಇವು ಚರೆಗಳು. ಜಿಂಕೆ, ಹಂದಿಗಳಂಥ ದೊಡ್ಡ ಬೇಟೆಗೆ ರೈಫಲ್ಲಿನಿಂದ ಹಾರಿಸುವ ಒಂಟಿ ಗುಂಡು ಬೇರೆ. ಚರೆಯಿಂದ ವಿಷ ಹರಡುವ ದಾರಿಯೂ ಗುಂಡಿನಿಂದ ಹರಡುವ ದಾರಿಯೂ ಭಿನ್ನವಾಗಿವೆ.

ಕೆರೆಯ ತಳದ ಚರೆ

ಹಾರಿಸಿದ ಚರೆಗಳಲ್ಲಿ ಹಕ್ಕಿಗೆ ತಗಲುವುದು ಕೆಲವೇ. ಉಳಿದವು ಜೌಗುನೆಲದಲ್ಲೂ ನೀರಿನ ತಳದಲ್ಲೂ ಬೀಳುತ್ತವೆ. ಬಾತುಕೋಳಿಗೆ ಹಲ್ಲಿಲ್ಲ. ತಿಂದ ಕಾಳನ್ನು ಅರೆಯಲು ಅದು ಸಣ್ಣ ಹರಳುಗಳನ್ನು ನುಂಗಿ, ಹೊಟ್ಟೆಯ ಬಲವಾದ ಸ್ನಾಯುಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಹರಳೆಂದೋ ಬೀಜವೆಂದೋ ಅದು ಚರೆಯನ್ನೂ ನುಂಗುತ್ತದೆ. ಆ ಚೀಲದಲ್ಲಿ ಚರೆ ಸವೆದು, ಆಮ್ಲದಲ್ಲಿ ಕರಗಿ, ರಕ್ತಕ್ಕೆ ಸೇರುತ್ತದೆ. ಅನ್ನನಾಳ ನಿಷ್ಕ್ರಿಯವಾಗುತ್ತದೆ, ರೆಕ್ಕೆಗಳು ಜೋಲುತ್ತವೆ. ಹೊಟ್ಟೆಯಲ್ಲಿ ಆಹಾರವಿದ್ದೂ ಹಕ್ಕಿ ಹಸಿವಿನಿಂದ ಸಾಯುತ್ತದೆ.

ಇದು ಹೊಸ ಶೋಧವಲ್ಲ. ಅಮೆರಿಕದ ಪ್ರಕೃತಿತಜ್ಞ ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲೇ ಈ ಬಗ್ಗೆ ಬರೆದಿದ್ದನು. ಅದು ಪ್ರಕಟವಾದದ್ದು ಬೇಟೆಗಾರರೇ ಓದುತ್ತಿದ್ದ ಪತ್ರಿಕೆಯಲ್ಲಿ. 1959ರಲ್ಲಿ ಇಲಿನಾಯ್ ರಾಜ್ಯದ ವಿಜ್ಞಾನಿ ಫ್ರಾಂಕ್ ಬೆಲ್‌ರೋಸ್, ಉತ್ತರ ಅಮೆರಿಕದ ಬಾತು ಮತ್ತು ಹೆಬ್ಬಾತುಗಳಲ್ಲಿ ವರ್ಷಕ್ಕೆ ಶೇ. 2ರಿಂದ 3ರಷ್ಟು ಸೀಸದ ವಿಷದಿಂದ ಸಾಯುತ್ತವೆಂದು ಅಂದಾಜು ಮಾಡಿದನು. ಆದರೂ ಅಮೆರಿಕದಾದ್ಯಂತ ಬಾತು, ಹೆಬ್ಬಾತುಗಳ ಬೇಟೆಗೆ ಸೀಸದ ಚರೆ ಪೂರ್ಣವಾಗಿ ನಿಷೇಧವಾದದ್ದು 1991ರಲ್ಲಿ. ಮೊದಲ ಎಚ್ಚರಿಕೆಗೂ ಕಾನೂನಿಗೂ ನಡುವೆ ತೊಂಬತ್ತೇಳು ವರ್ಷಗಳು ಸಂದುಹೋದವು.

ಫಲ ಮಾತ್ರ ಬೇಗ ಕಂಡಿತು. ನಿಷೇಧದ ಆರು ವರ್ಷಗಳ ಬಳಿಕ ಮಿಸಿಸಿಪ್ಪಿ ವಲಸೆಮಾರ್ಗದಲ್ಲಿ ನಡೆದ ಅಧ್ಯಯನವು, ಮಲ್ಲಾರ್ಡ್ ಬಾತುಗಳಲ್ಲಿ ಸೀಸದಿಂದಾಗುವ ಸಾವು ಶೇ. 64ರಷ್ಟು ತಗ್ಗಿದೆಯೆಂದು ಲೆಕ್ಕಹಾಕಿತು. 1997ರ ಒಂದೇ ಹಂಗಾಮಿನಲ್ಲಿ ಸುಮಾರು 14 ಲಕ್ಷ ಬಾತುಗಳು ಉಳಿದವೆಂದು ಅದರ ಅಂದಾಜು.

ಕರುಳಿನ ರಾಶಿ ಮತ್ತು ಕಾಂಡೋರ್

ರೈಫಲ್ಲಿನ ಸೀಸದ ಗುಂಡು ಜಿಂಕೆಗೆ ಬಡಿದಾಗ ಒಂದೇ ತುಂಡಾಗಿ ಉಳಿಯುವುದಿಲ್ಲ. ವೇಗಕ್ಕೆ ಒಡೆದು ಚೂರುಚೂರಾಗಿ ಮಾಂಸದೊಳಗೆ ಚದುರುತ್ತದೆ. ಅಮೆರಿಕದ ಸಂಶೋಧಕರು ಬೇಟೆಯಾಡಿದ ಜಿಂಕೆಗಳ ಎಕ್ಸ್‌ರೇ ತೆಗೆದಾಗ, ಹಲವು ದೇಹಗಳಲ್ಲಿ ನೂರಕ್ಕೂ ಹೆಚ್ಚು ಚೂರುಗಳು ಕಂಡವು. ಬಹಳಷ್ಟು ಚೂರುಗಳು ಕಣ್ಣಿಗೆ ಕಾಣದಷ್ಟು, ನಾಲಗೆಗೆ ತಿಳಿಯದಷ್ಟು ಚಿಕ್ಕವು. ಬೇಟೆಗಾರನು ಜಿಂಕೆಯನ್ನು ಅಲ್ಲಿಯೇ ಸೀಳಿ, ಕರುಳು ತೆಗೆದು ಬಿಟ್ಟು, ಮಾಂಸವನ್ನು ಒಯ್ಯುತ್ತಾನೆ. ಆ ಕರುಳಿನ ರಾಶಿಯೇ ಸತ್ತ ಪ್ರಾಣಿ ತಿನ್ನುವ ಹಕ್ಕಿಗಳಿಗೆ ಆಹಾರ.

ಕ್ಯಾಲಿಫೋರ್ನಿಯಾದ ಕಾಂಡೋರ್ ಅಂಥ ಹಕ್ಕಿ. ರೆಕ್ಕೆ ಬಿಚ್ಚಿದರೆ ಸುಮಾರು ಒಂಬತ್ತೂವರೆ ಅಡಿ ಅಗಲ. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದವು 22 ಮಾತ್ರ. 1987ರ ಹೊತ್ತಿಗೆ ಕಾಡಿನಲ್ಲಿದ್ದ ಎಲ್ಲವನ್ನೂ ಹಿಡಿದು ಮೃಗಾಲಯಗಳಲ್ಲಿ ಸಾಕಿ, ಮರಿ ಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಡಲಾಯಿತು. ಈಗ ಒಟ್ಟು ಸಂಖ್ಯೆ ಐನೂರನ್ನು ದಾಟಿದೆ. ಹಾಗಿದ್ದರೂ ಕಾಡಿನ ಕಾಂಡೋರ್‌ಗಳ ಸಾವಿಗೆ ಸೀಸವೇ ಮುಖ್ಯ ಕಾರಣವಾಗಿ ಉಳಿದಿದೆ. ಹಲವು ಹಕ್ಕಿಗಳನ್ನು ಕಾಲಕಾಲಕ್ಕೆ ಹಿಡಿದು, ರಕ್ತ ಪರೀಕ್ಷಿಸಿ, ಸೀಸವನ್ನು ಹೊರಹಾಕುವ ಔಷಧ ಕೊಟ್ಟು ಮರಳಿ ಬಿಡಬೇಕಾಗಿದೆ.

ಆ ಸೀಸ ಗುಂಡಿನದೇ ಎಂಬುದಕ್ಕೆ ಪುರಾವೆ ಏನು? ಗಣಿಯಿಂದ ಗಣಿಗೆ ಸೀಸದ ಐಸೊಟೋಪುಗಳ ಪ್ರಮಾಣ ಬೇರೆಯಾಗಿರುತ್ತದೆ. ಕಾಂಡೋರ್ ರಕ್ತದ ಸೀಸವನ್ನು ಹಾಗೆ ಪರೀಕ್ಷಿಸಿದಾಗ, ಅದು ಆ ಪ್ರದೇಶದಲ್ಲಿ ಮಾರಾಟವಾಗುತ್ತಿದ್ದ ಮದ್ದುಗುಂಡಿನ ಸೀಸದೊಡನೆ ತಾಳೆಯಾಯಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಮೆರಿಕದ 38 ರಾಜ್ಯಗಳ ಬೋಳುತಲೆ ಹದ್ದು ಮತ್ತು ಹೊನ್ನ ಹದ್ದುಗಳನ್ನು ಪರೀಕ್ಷಿಸಿತು; ಹತ್ತಿರಹತ್ತಿರ ಅರ್ಧದಷ್ಟು ಹಕ್ಕಿಗಳಲ್ಲಿ ದೀರ್ಘಕಾಲದ ಸೀಸ ವಿಷದ ಲಕ್ಷಣವಿತ್ತು.

ಊಟದ ತಟ್ಟೆಯವರೆಗೆ

2008ರಲ್ಲಿ ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ, ಬೇಟೆಗಾರರು ಬಡವರಿಗಾಗಿ ದಾನ ಮಾಡಿದ್ದ ಜಿಂಕೆ ಮಾಂಸದ ಪೊಟ್ಟಣಗಳಲ್ಲಿ ಲೋಹದ ಚೂರುಗಳು ಪತ್ತೆಯಾದವು. ಮಾಂಸವನ್ನು ವಿತರಿಸದಂತೆ ಸರಕಾರ ಸೂಚಿಸಿತು. ಅದೇ ವರ್ಷ ಅಲ್ಲಿನ ಏಳುನೂರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ನಡೆಯಿತು. ಬೇಟೆಯ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ತುಸು ಹೆಚ್ಚಿತ್ತು. ಹೆಚ್ಚಳ ದೊಡ್ಡದಲ್ಲ. ಆದರೆ ಸೀಸಕ್ಕೆ ಇಷ್ಟರವರೆಗೆ ಅಪಾಯವಿಲ್ಲವೆಂಬ ಮಿತಿಯೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಗುವಿನ ದೇಹ ಸೀಸವನ್ನು ದೊಡ್ಡವರಿಗಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಮೂಳೆಯಲ್ಲಿ ಅದು ವರ್ಷಗಟ್ಟಲೆ ನಿಲ್ಲುತ್ತದೆ, ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಗಮನವಿಟ್ಟು ಕಲಿಯುವ ಶಕ್ತಿಯನ್ನು ಕುಗ್ಗಿಸುತ್ತದೆ.

ಬದಲಿ ಲೋಹಗಳೂ ಬದಲಾಗಬೇಕಾದ ಅಭ್ಯಾಸಗಳೂ

ಚರೆಗೆ ಮುಖ್ಯ ಬದಲಿ ಉಕ್ಕು, ಅಂದರೆ ಮೆದು ಕಬ್ಬಿಣ. ಅದು ಅಗ್ಗ, ವಿಷರಹಿತ. ಆದರೆ ಹಗುರ ಮತ್ತು ಗಡುಸು. ಹಗುರವಾದ್ದರಿಂದ ಬೇಗ ವೇಗ ಕಳೆದುಕೊಳ್ಳುತ್ತದೆ. ಇದಕ್ಕಾಗಿ ಬೇಟೆಗಾರರು ಸೀಸದಲ್ಲಿ ಬಳಸುತ್ತಿದ್ದುದಕ್ಕಿಂತ ಎರಡು ಅಳತೆ ದಪ್ಪನೆಯ ಚರೆ ಆರಿಸುತ್ತಾರೆ, ಹೆಚ್ಚು ದೂರದ ಹಕ್ಕಿಗೆ ಈಡು ಹಾರಿಸುವುದನ್ನು ಬಿಡುತ್ತಾರೆ. ಗಡುಸಾದ್ದರಿಂದ ಅದು ನಳಿಗೆಯ ತುದಿಯ ಕಿರಿದಾದ ಭಾಗದಲ್ಲಿ ಸೀಸದಂತೆ ಒತ್ತಿಕೊಂಡು ಸಾಗುವುದಿಲ್ಲ. ತುದಿ ಹೆಚ್ಚು ಬಿಗಿಯಾಗಿರುವ ಹಳೆಯ ಕೋವಿಗಳಿಗೆ ಇದರಿಂದ ಹಾನಿಯಾಗಬಹುದು. ಅಂಥವರು ಬಿಸ್ಮತ್ ಚರೆ ಬಳಸುತ್ತಾರೆ. ಬಿಸ್ಮತ್ ಘನ ಸೆಂಟಿಮೀಟರಿಗೆ 9.8 ಗ್ರಾಂ ತೂಗುವ ಮೆದು ಲೋಹ, ಆದರೆ ದುಬಾರಿ. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, ಇನ್ನಷ್ಟು ದುಬಾರಿ. ಸತುವಿನ ಚರೆ ಹಕ್ಕಿಗಳಿಗೆ ತಾನೇ ವಿಷವಾದ್ದರಿಂದ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಒಂದು ವಿಷವನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಾರದೆಂಬ ಎಚ್ಚರ ಇಲ್ಲಿದೆ.

ರೈಫಲ್ ಗುಂಡಿಗೆ ಬದಲಿ ತಾಮ್ರ. ಪೂರ್ತಿ ತಾಮ್ರದ ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ಪ್ರಾಣಿಗೆ ಬಡಿದಾಗ ಅದು ಹೂವಿನ ಎಸಳುಗಳಂತೆ ಅರಳುತ್ತದೆ, ಆದರೆ ಒಡೆಯುವುದಿಲ್ಲ. ತನ್ನ ತೂಕದ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕದ ಗುಂಡು ಉದ್ದವಾಗುತ್ತದೆ. ಆದ್ದರಿಂದ ಸಾಮಾನ್ಯವಾಗಿ ತುಸು ಕಡಿಮೆ ತೂಕದ ಗುಂಡನ್ನು ಆರಿಸಿ, ಗುರಿಯನ್ನು ಹೊಸದಾಗಿ ಸರಿಹೊಂದಿಸಿಕೊಳ್ಳಬೇಕಾಗುತ್ತದೆ. ಸಣ್ಣ .22 ರೈಫಲ್ಲುಗಳಿಗೆ ಒಳ್ಳೆಯ ಬದಲಿ ಗುಂಡು ಕಂಡುಕೊಳ್ಳುವುದು ಇನ್ನೂ ಕಷ್ಟವಾಗಿಯೇ ಇದೆ.

ಹೀಗೆ, ಬದಲಾವಣೆ ಎಂದರೆ ಅಂಗಡಿಯಲ್ಲಿ ಬೇರೆ ಡಬ್ಬಿ ಕೊಳ್ಳುವುದಷ್ಟೇ ಅಲ್ಲ. ಅಜ್ಜನ ಕಾಲದ ಕೋವಿ, ಅಪ್ಪ ಕಲಿಸಿದ ದೂರದ ಅಂದಾಜು, ರೂಢಿಯಾದ ಗುರಿ ಎಲ್ಲವನ್ನೂ ಮತ್ತೆ ಕಲಿಯಬೇಕು. ಬೇಟೆಗಾರರು ತೋರಿದ ವಿರೋಧಕ್ಕೆ ಕೇವಲ ಹಟವೇ ಕಾರಣವಾಗಿರಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಕಾನೂನು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು

ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ಣವಾಗಿ ನಿಷೇಧಿಸಿತು. ಬಳಕೆಯಷ್ಟೇ ಅಲ್ಲ, ಮಾರಾಟವೂ ಬಳಿ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಅಂಗಡಿಯಲ್ಲಿ ಸೀಸವಿಲ್ಲವೆಂದಾದ ಮೇಲೆ ಕಾಡಿನಲ್ಲಿ ಪ್ರತಿಯೊಬ್ಬನನ್ನೂ ಕಾಯುವ ಅಗತ್ಯ ತಗ್ಗಿತು. ಬೇಟೆಯೇ ನಿಂತುಹೋಗುವುದೆಂಬ ಭಯವಿತ್ತು. ಬೇಟೆಗಾರರ ಸಂಖ್ಯೆ ಕುಸಿಯಲಿಲ್ಲ. 2024ರ ಏಪ್ರಿಲಿನಿಂದ ಆ ದೇಶ ರೈಫಲ್ಲಿನ ಸೀಸದ ಗುಂಡನ್ನೂ ಬೇಟೆಯಿಂದ ಹೊರಗಿಟ್ಟಿದೆ.

ಇಂಗ್ಲೆಂಡ್ 1999ರಲ್ಲಿ ಬಾತು, ಹೆಬ್ಬಾತುಗಳ ಬೇಟೆಗೆ ಸೀಸದ ಚರೆ ಬಳಸುವುದನ್ನು ನಿಷೇಧಿಸಿತು. ಆದರೆ ಅದೇ ಚರೆ ಬೇರೆ ಹಕ್ಕಿಗಳ ಬೇಟೆಗಾಗಿ ಅಂಗಡಿಯಲ್ಲಿ ದೊರೆಯುತ್ತಲೇ ಇತ್ತು, ತಪಾಸಣೆ ವಿರಳವಾಗಿತ್ತು. ಹತ್ತು ವರ್ಷಗಳ ಬಳಿಕ ಮಾರುಕಟ್ಟೆಯಿಂದ ಕೊಂಡ ಬಾತುಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 70ರಷ್ಟು ಸೀಸದಿಂದಲೇ ಸತ್ತಿದ್ದವು. 2020ರಲ್ಲಿ ಬ್ರಿಟನ್ನಿನ ಬೇಟೆ ಸಂಘಗಳು ಐದು ವರ್ಷಗಳಲ್ಲಿ ಸ್ವಯಂಪ್ರೇರಣೆಯಿಂದ ಸೀಸ ಬಿಡುವುದಾಗಿ ಘೋಷಿಸಿದವು. ಆ ಅವಧಿಯಲ್ಲಿ ಪ್ರತಿ ವರ್ಷ ಪರೀಕ್ಷಿಸಿದ ಫೆಸಂಟ್ ಹಕ್ಕಿಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನವು ಸೀಸದ ಚರೆಯವೇ ಆಗಿದ್ದವು. ಕೊನೆಗೆ 2025ರಲ್ಲಿ ಸರಕಾರವೇ ನಿರ್ಬಂಧದ ನಿರ್ಧಾರ ಪ್ರಕಟಿಸಿತು.

ಸ್ವಯಂಪ್ರೇರಣೆ ಎಲ್ಲೆಡೆಯೂ ಸೋತಿತೆಂದಲ್ಲ. ಅರಿಜೋನಾ ರಾಜ್ಯ 2005ರಿಂದ, ಕಾಂಡೋರ್ ಇರುವ ಪ್ರದೇಶದ ಬೇಟೆಗಾರರಿಗೆ ಸೀಸವಿಲ್ಲದ ಗುಂಡನ್ನು ಉಚಿತವಾಗಿ ಕೊಟ್ಟು, ಕಾರಣವನ್ನು ಪತ್ರ ಬರೆದು ವಿವರಿಸಿತು. ಶೇ. 80ಕ್ಕೂ ಹೆಚ್ಚು ಜನ ಸಹಕರಿಸಿದರು. ಕ್ಯಾಲಿಫೋರ್ನಿಯಾದ ಯೂರೋಕ್ ಮೂಲನಿವಾಸಿಗಳು ತಮ್ಮ ನೆಲಕ್ಕೆ ಕಾಂಡೋರನ್ನು ಮರಳಿ ತರುವ ಮೊದಲು ವರ್ಷಗಳ ಕಾಲ ಸ್ಥಳೀಯ ಬೇಟೆಗಾರರೊಡನೆ ಮಾತನಾಡಿ, ಎರಡೂ ಬಗೆಯ ಗುಂಡುಗಳನ್ನು ಅವರೆದುರು ಹಾರಿಸಿ ತೋರಿಸಿದರು. 2022ರಲ್ಲಿ ಅಲ್ಲಿ ಹಕ್ಕಿಗಳನ್ನು ಬಿಡಲಾಯಿತು.

ಕ್ಯಾಲಿಫೋರ್ನಿಯಾ ರಾಜ್ಯ 2008ರಲ್ಲಿ ಕಾಂಡೋರ್ ವಲಯದಲ್ಲಿಯೂ 2019ರ ಜುಲೈಯಿಂದ ಇಡೀ ರಾಜ್ಯದ ವನ್ಯಜೀವಿ ಬೇಟೆಯಲ್ಲಿಯೂ ಸೀಸವನ್ನು ನಿಷೇಧಿಸಿತು. ಮೊದಲ ನಿಷೇಧದ ಬಳಿಕ ಹೊನ್ನ ಹದ್ದುಗಳ ರಕ್ತದಲ್ಲಿ ಸೀಸ ಇಳಿಯಿತು. ಕಾಂಡೋರ್‌ಗಳಲ್ಲಿ ಮೊದಲ ಕೆಲವು ವರ್ಷ ಅಂಥ ಇಳಿಕೆ ಕಾಣಲಿಲ್ಲ. ಕಾಂಡೋರ್ ದೀರ್ಘಾಯುಷಿ, ನೂರಾರು ಮೈಲಿ ಅಲೆದು ಅನೇಕ ಶವಗಳನ್ನು ತಿನ್ನುವ ಹಕ್ಕಿ. ನೂರರಲ್ಲಿ ಒಂದೆರಡು ಶವಗಳಲ್ಲಿ ಸೀಸವಿದ್ದರೂ ಎಂದಾದರೊಂದು ದಿನ ಅದು ಅವಕ್ಕೆ ಸಿಕ್ಕೇ ಸಿಗುತ್ತದೆ. ಬಹುಮಂದಿ ಪಾಲಿಸಿದರೆ ಸಾಲದು, ಬಹುತೇಕ ಎಲ್ಲರೂ ಪಾಲಿಸಬೇಕಾದ ನಿಯಮವಿದು.

ಜಪಾನಿನ ಹೊಕ್ಕೈಡೊ ದ್ವೀಪ ಜಿಂಕೆ ಬೇಟೆಯಲ್ಲಿ ಸೀಸದ ರೈಫಲ್ ಗುಂಡನ್ನು 2000ದಲ್ಲಿ ನಿಷೇಧಿಸಿತು. ಕಡಲ ಹದ್ದುಗಳ ಸಾವು ನಿಲ್ಲದಿದ್ದಾಗ 2014ರಲ್ಲಿ ಬೇಟೆಗೆ ಹೋಗುವಾಗ ಬಳಿ ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು. ಐರೋಪ್ಯ ಒಕ್ಕೂಟದ ದೇಶಗಳ ಜೌಗುಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ಸೀಸದ ಚರೆಗೆ ಅವಕಾಶವಿಲ್ಲ. ಎಲ್ಲ ದಾರಿಯೂ ಮುಂದಕ್ಕೇ ಸಾಗಿಲ್ಲ: 2005ರಲ್ಲಿ ಸೀಸದ ಚರೆಯನ್ನು ಪೂರ್ಣ ನಿಷೇಧಿಸಿದ್ದ ನಾರ್ವೆ, ಹತ್ತು ವರ್ಷಗಳ ಬಳಿಕ ಜೌಗುಪ್ರದೇಶದ ಹೊರಗೆ ಅದನ್ನು ಮತ್ತೆ ಅನುಮತಿಸಿತು.

ಮೋಯಾರಿನ ರಣಹದ್ದುಗಳು

ನಮ್ಮ ನಾಡಿನ ರಣಹದ್ದನ್ನು ಕೊಂದದ್ದು ಗುಂಡಲ್ಲ, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ. ಚಿಕಿತ್ಸೆ ಪಡೆದು ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. 1990ರ ದಶಕದ ಆರಂಭದಿಂದ ಹದಿನೈದೇ ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ. 99ಕ್ಕೂ ಹೆಚ್ಚು ಅಳಿದವು. ದಕ್ಷಿಣದಲ್ಲಿ ಅವು ಮುಖ್ಯವಾಗಿ ಉಳಿದಿರುವುದು ನೀಲಗಿರಿಯ ಬುಡದ ಮೋಯಾರ್ ಕಣಿವೆ, ಸತ್ಯಮಂಗಲ, ಬಂಡೀಪುರ, ವಯನಾಡುಗಳ ಕಾಡುಗಳಲ್ಲಿ. ಅಂದರೆ ಕನ್ನಡ ಮನೆಮಾತಿನ ಅನೇಕ ಊರುಗಳ ಮಗ್ಗುಲಲ್ಲಿ.

ಇಲ್ಲಿನ ಕಾನೂನಿನ ನಡೆಯೂ ಸೀಸದ ಕಥೆಯನ್ನು ಹೋಲುತ್ತದೆ. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧವಾಯಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ಮುಂದುವರಿದದ್ದರಿಂದ, 2015ರಲ್ಲಿ ಆ ಔಷಧದ ಸೀಸೆಯ ಗಾತ್ರವನ್ನು 3 ಮಿಲಿಲೀಟರಿಗೆ ಮಿತಿಗೊಳಿಸಲಾಯಿತು. 2023ರಲ್ಲಿ ಅದರಷ್ಟೇ ಅಪಾಯಕರವಾದ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ದನಗಳ ಚಿಕಿತ್ಸೆಯಿಂದ ಹೊರಗಿಡಲಾಯಿತು. ಮೆಲಾಕ್ಸಿಕಾಂ ಎಂಬ ಸುರಕ್ಷಿತ ಬದಲಿ ಇದೆ. ಗುಂಡಿಗೆ ತಾಮ್ರ ಹೇಗೋ ಇಲ್ಲಿ ಇದು ಹಾಗೆ.

ಕಾಸರಗೋಡು, ವಯನಾಡುಗಳ ಕೃಷಿಕರಿಗೆ ಇನ್ನೊಂದು ಮಾತು. ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಪರವಾನಗಿ ಹೊಂದಿದ ಕೋವಿಯವರಿಂದ ಕೊಲ್ಲಿಸಲು ಕೇರಳದಲ್ಲಿ 2022ರಿಂದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಅಧಿಕಾರವಿದೆ. ಹಾಗೆ ಕೊಂದ ಹಂದಿಯನ್ನು ಹೂಳಬೇಕೆಂಬ ನಿಯಮವನ್ನು ಕೇವಲ ಕಾಗದದ ವಿಧಿಯೆಂದು ತಿಳಿಯಬಾರದು. ಗುಂಡು ಸೀಸದ್ದಾಗಿದ್ದರೆ ಅದರ ಚೂರುಗಳು ಹದ್ದು, ನರಿ, ನಾಯಿಗಳ ಹೊಟ್ಟೆ ಸೇರದಂತೆ ತಡೆಯುವುದೂ ಆ ಮಣ್ಣೇ.

ಮನೆಯಲ್ಲಿ ಸೀಸ

ಮಕ್ಕಳು ಮೊದಲು ಕೇಳುವ ಪ್ರಶ್ನೆ ಸೀಸದಕಡ್ಡಿಯ ಬಗ್ಗೆ. ಹೆಸರು ಹಾಗಿದ್ದರೂ ಅದರೊಳಗಿರುವುದು ಸೀಸವಲ್ಲ. ಗ್ರಾಫೈಟ್ ಎಂಬ ಇಂಗಾಲದ ರೂಪ ಮತ್ತು ಜೇಡಿ. ನಿಜವಾದ ಸೀಸ ಬೇರೆಡೆ ಇದೆ. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡುಗಳನ್ನು ಮನೆಯೊಲೆಯಲ್ಲಿ ಕರಗಿಸಬಾರದು. ಬಲೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಹಳೆಯ ವಾಹನಗಳ ಬ್ಯಾಟರಿಯನ್ನು ಅಂಗಳದಲ್ಲಿ ಒಡೆಯಬಾರದು. ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಕೇಳಬೇಕು. ಸೀಸ ಬೆರೆತ ಕಲಾಯಿ ಹುಳಿಸಾರಿನಲ್ಲಿ ಕರಗುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಳಿದ ಬಣ್ಣ ಉದುರುತ್ತಿರುವ ಕಿಟಕಿ, ಬಾಗಿಲುಗಳನ್ನು ಒಣದಾಗಿ ಉಜ್ಜದೆ, ಒದ್ದೆಮಾಡಿ ಕೆರೆದು ತೆಗೆಸುವುದು ಒಳ್ಳೆಯದು.

ನಿಯಮ ಅರ್ಥವಾಗುವ ಮಾತಿನಲ್ಲಿ

ತೊಂಬತ್ತೇಳು ವರ್ಷಗಳ ವಿಳಂಬ, ಇಂಗ್ಲೆಂಡಿನ ಸೋಲು, ಅರಿಜೋನಾದ ಗೆಲುವು ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಅಗತ್ಯಗಳು ಕಾಣುತ್ತವೆ. ಕೈಗೆಟುಕುವ ಬದಲಿ ವಸ್ತು ಇರಬೇಕು. ಹಳೆಯ ವಸ್ತು ಅಂಗಡಿಯಲ್ಲಿ ಸಿಗಬಾರದು. ಪಾಲಿಸಬೇಕಾದವನಿಗೆ ಕಾರಣ ಅವನ ಮಾತಿನಲ್ಲಿ ತಿಳಿಯಬೇಕು. ಗಡಿಭಾಗದಲ್ಲಿ ನಮಗೆ ಕೊರತೆಯಾಗುತ್ತಿರುವುದು ಮೂರನೆಯದು. ದನಗಳ ಔಷಧದ ಸೂಚನೆಯಾಗಲಿ, ಕಾಡುಹಂದಿಯ ಸುತ್ತೋಲೆಯಾಗಲಿ ಮಲಯಾಳದಲ್ಲೋ ತಮಿಳಿನಲ್ಲೋ ಬಂದು ಕನ್ನಡ ಮಾತ್ರ ಓದಬಲ್ಲ ಹಿರಿಯರ ಮನೆಯಲ್ಲಿ ಮಡಚಿಟ್ಟ ಕಾಗದವಾಗಿ ಉಳಿಯುತ್ತದೆ. ಭಾಷಾ ಅಲ್ಪಸಂಖ್ಯಾತರಿಗೆ ಆಡಳಿತದ ಸೂಚನೆಗಳು ಅವರ ನುಡಿಯಲ್ಲಿ ದೊರೆಯಬೇಕೆಂದು ನಾವು ಕೇಳುವಾಗ ಅದು ಅಭಿಮಾನದ ಮಾತಷ್ಟೇ ಅಲ್ಲ. ದನ ಸಾಕುವ ಮನೆಯವರಿಗೆ ಒಂದು ಔಷಧದ ಹೆಸರು ತಿಳಿಯದಿದ್ದರೆ ಕಣಿವೆಯ ರಣಹದ್ದುಗಳ ಒಂದು ಹಿಂಡೇ ಇಲ್ಲವಾಗಬಹುದು.

ಈ ವರ್ಷದ ವಿಜ್ಞಾನ ಯೋಜನೆಗೆ ವಿಷಯ ಹುಡುಕುತ್ತಿರುವ ಪ್ರೌಢಶಾಲಾ ಮಕ್ಕಳಿಗೆ ನಮ್ಮ ಸಲಹೆ ಹೀಗಿದೆ. ನಿಮ್ಮ ಊರಿನ ಔಷಧದಂಗಡಿಯಲ್ಲಿ ಮತ್ತು ಪಶು ಚಿಕಿತ್ಸಾಲಯದಲ್ಲಿ ದನಗಳ ನೋವಿಗೆ ಯಾವ ಔಷಧ ಕೊಡುತ್ತಾರೆಂದು ಕೇಳಿ ಬರೆದುಕೊಳ್ಳಿ. ಮೆಲಾಕ್ಸಿಕಾಂ ಎಂಬ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಹಾಲಿನ ಸೊಸೈಟಿಯ ಗೋಡೆಯ ಮೇಲೆ, ಅಲ್ಲಿನವರ ಒಪ್ಪಿಗೆ ಪಡೆದು ಅಂಟಿಸಿ.